ಯಾರ ಹಣ, ಯಾರ ಹೊಣೆ: ಕೊಂಬೈ ಕಡೆಯಿಂದ ಪೆರಿಯಾರ್ ಕರಾರನ್ನು ಓದುವುದು

(ಆನ್‌ಲೈನ್ ವಿಚಾರಸಂಕಿರಣದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಪ್ರಶ್ನೋತ್ತರವಿದೆ.)

ಧ್ವನಿ ಎಲ್ಲರಿಗೂ ಕೇಳಿಸ್ತಾ ಇದೆ ಅಂದ್ಕೊಂಡು ಶುರು ಮಾಡ್ತೀನಿ.

ಈ ಸರಣಿಯಲ್ಲಿ ಇದುವರೆಗೆ ಸಾರ್ವಜನಿಕ–ಖಾಸಗಿ ಸಹಭಾಗಿತ್ವ, ಅಂದ್ರೆ ನಾವೆಲ್ಲ ಪಿಪಿಪಿ ಅಂತ ಕರೆಯೋದನ್ನ, 1991ರ ನಂತರದ ಬೆಳವಣಿಗೆ ಅಂತಲೇ ಚರ್ಚೆ ಮಾಡಿದ್ದೇವೆ. ಹೆದ್ದಾರಿ, ವಿಮಾನ ನಿಲ್ದಾಣ, ಟೋಲ್ ಗೇಟು. ಇವತ್ತು ನಾನು ನೂರ ಮೂವತ್ತು ವರ್ಷಕ್ಕೂ ಹಿಂದಿನ ಒಂದು ಕಾಮಗಾರಿಯನ್ನು ನಿಮ್ಮ ಮುಂದೆ ಇಡ್ತೀನಿ. ಒಂದು ದೊಡ್ಡ ಕಾಮಗಾರಿಗೆ ಹಣ ಯಾರು ಹಾಕ್ತಾರೆ, ಕೆಲಸ ಯಾರು ಮಾಡಿಸ್ತಾರೆ, ಕೆಟ್ಟರೆ ನಷ್ಟ ಯಾರ ತಲೆ ಮೇಲೆ ಬೀಳುತ್ತೆ ಅನ್ನೋ ಮೂರು ಪ್ರಶ್ನೆ ಆಗಲೂ ಇದ್ದವು. ಜೊತೆಗೆ ನಾಲ್ಕನೆಯದೊಂದು ಪ್ರಶ್ನೆ ಇದೆ. ಕರಾರು ಬರೆಯುವಾಗ ಯಾರಿಗೂ ಹೊಳೆಯದ ಸಂಗತಿ ಮುಂದೆ ಎದುರಾದಾಗ ತೀರ್ಮಾನ ಮಾಡೋರು ಯಾರು? ನನ್ನ ವಾದ ಈ ನಾಲ್ಕನೆಯ ಪ್ರಶ್ನೆಯ ಸುತ್ತಲೇ ಇದೆ.

ಕೊಂಬೈ ಯಾಕೆ?

ಕೊಂಬೈ ಅಂದ ತಕ್ಷಣ ಹೆಚ್ಚಿನವರಿಗೆ ನೆನಪಾಗೋದು ಅಲ್ಲಿನ ಬೇಟೆನಾಯಿ ತಳಿ. ತಮಿಳುನಾಡಿನ ತೇನಿ ಜಿಲ್ಲೆ, ಉತ್ತಮಪಾಳೆಯ ತಾಲ್ಲೂಕಿನ ಊರು ಅದು. ಪಶ್ಚಿಮ ಘಟ್ಟದ ತಪ್ಪಲಲ್ಲಿದೆ. ಗುಡ್ಡದ ಆಚೆ ಕೇರಳದ ಇಡುಕ್ಕಿ. ಕಂಬಂ ಕಣಿವೆಯ ಈ ಭಾಗದಲ್ಲಿ ಮನೆಮಾತು ಕನ್ನಡವಾಗಿರುವ ಒಕ್ಕಲಿಗ ಕುಟುಂಬಗಳು ತಲೆಮಾರುಗಳಿಂದ ನೆಲೆಸಿವೆ. ಹಳೆಯ ಮದ್ರಾಸ್ ದಾಖಲೆಗಳಲ್ಲಿ ಇವರನ್ನು ಕಪ್ಪಿಲಿಯರು ಎಂದು ಬರೆದಿದ್ದಾರೆ. ಶಾಲೆಯಲ್ಲಿ ತಮಿಳು, ಸಂತೆಯಲ್ಲಿ ತಮಿಳು, ಮನೆಯೊಳಗೆ ಕನ್ನಡ. ನಮ್ಮ ವಿಭಾಗದವರು ಗಡಿನಾಡ ಕನ್ನಡ ಅಂದ್ರೆ ಕಾಸರಗೋಡು, ಸೊಲ್ಲಾಪುರ, ಹೊಸೂರು ಅಂತ ನಿಲ್ಲಿಸಿಬಿಡ್ತೀವಿ. ಗಡಿಯಿಂದ ಅಷ್ಟು ದೂರದಲ್ಲೂ ಕನ್ನಡದ ಒಕ್ಕಲುತನ ಇದೆ ಅನ್ನೋದು ಗಮನದಲ್ಲಿರಲಿ.

ಒಕ್ಕಲುತನ ಅಂದ ಮೇಲೆ ನೀರು ಬೇಕು. ಆ ಕಣಿವೆಗೆ ನೀರು ಕೊಟ್ಟದ್ದು ಪೆರಿಯಾರ್ ಯೋಜನೆ, ಇವತ್ತು ನಾವು ಮುಲ್ಲಪೆರಿಯಾರ್ ಅಂತ ಕರೆಯೋ ಅಣೆಕಟ್ಟು. ಪಶ್ಚಿಮಕ್ಕೆ ಹರಿದು ಅರಬ್ಬೀ ಸಮುದ್ರ ಸೇರುವ ನದಿಗೆ ಅಡ್ಡ ಕಟ್ಟೆ ಹಾಕಿ, ಬೆಟ್ಟದೊಳಗೆ ಸುಮಾರು 5,700 ಅಡಿ ಸುರಂಗ ಕೊರೆದು, ನೀರನ್ನು ಪೂರ್ವಕ್ಕೆ ತಿರುಗಿಸಿ ವೈಗೈ ನದಿಗೆ ಸೇರಿಸುವುದು, ಇದು ಯೋಜನೆ. ಮುಖ್ಯ ಗುರಿ ಕೆಳಗಿನ ಮದುರೆ ಸೀಮೆ. ದಾರಿಯಲ್ಲಿ ಕಂಬಂ ಕಣಿವೆಯ ಸುಮಾರು 14,700 ಎಕರೆಗೆ ಎರಡು ಬೆಳೆಯ ನೀರು ಸಿಕ್ಕಿತು. ಇದು ಕಣಿವೆಯ ತಗ್ಗಿನ ಗದ್ದೆಗಳ ಲೆಕ್ಕ. ತಪ್ಪಲಿನ ಮೇಲುಭಾಗದ ಕೆರೆಗಳಿಗೆ, ಉತ್ತಮಪಾಳೆಯ ಮತ್ತು ಬೋಡಿನಾಯಕನೂರು ತಾಲ್ಲೂಕುಗಳ ಕಡೆಗೆ, ನೀರು ಒಯ್ಯಲು 18ನೇ ಕಾಲುವೆ ಬಂದದ್ದು ಬಹಳ ತಡವಾಗಿ. ಅಂದ್ರೆ ಒಂದೇ ಕಣಿವೆಯೊಳಗೂ ಯೋಜನೆಯ ಫಲ ಎಲ್ಲರಿಗೂ ಒಟ್ಟಿಗೆ ಸಿಗಲಿಲ್ಲ.

ಅದಕ್ಕೂ ಮುಂಚೆ: ಖಾಸಗಿ ಕಂಪನಿ ಸೋತ ಕಥೆ

ಬೆಟ್ಟದ ಆಚೆಯ ನೀರನ್ನು ಈಚೆ ತರುವ ಆಲೋಚನೆ ಬ್ರಿಟಿಷರದಲ್ಲ. ರಾಮನಾಡಿನ ಪ್ರಧಾನಿ ಮುತ್ತಿರುಳಪ್ಪ ಪಿಳ್ಳೈ 1789ರಲ್ಲೇ ಇದನ್ನು ಯೋಚಿಸಿದ್ದರು. 1808ರಲ್ಲಿ ಕ್ಯಾಪ್ಟನ್ ಕಾಲ್ಡ್‌ವೆಲ್ ಸ್ಥಳ ನೋಡಿ, ಇದು ಆಗದ ಕೆಲಸ ಅಂತ ವರದಿ ಕೊಟ್ಟರು. 1850ರಲ್ಲಿ ಒಂದು ಸಣ್ಣ ಕಟ್ಟೆಗೆ ಕೈಹಾಕಿ, ಜ್ವರದ ಕಾಟಕ್ಕೆ ಕೂಲಿಗಳು ನಿಲ್ಲದೆ ಬಿಟ್ಟುಬಿಟ್ಟರು. 1860ರ ದಶಕದಲ್ಲಿ ಹೊಸ ನಕ್ಷೆಗಳು ಬಂದವು. 1876–78ರ ಭೀಕರ ಬರ ಬಂದ ಮೇಲೆ ಇನ್ನು ಮುಂದೂಡೋ ಹಾಗಿರಲಿಲ್ಲ.

ಆದರೆ ಯಾವ ವಿಧಾನದಲ್ಲಿ ಮಾಡಿಸೋದು? ಇಲ್ಲಿ ಮದ್ರಾಸ್ ಸರ್ಕಾರಕ್ಕೆ ಆಗಲೇ ಒಂದು ಕಹಿ ಅನುಭವ ಆಗಿತ್ತು. ಅದು ನಮ್ಮ ತುಂಗಭದ್ರೆಯದೇ ಕಥೆ.

ಆರ್ಥರ್ ಕಾಟನ್ ಅವರ ಉತ್ಸಾಹದಿಂದ 1858ರಲ್ಲಿ ಮದ್ರಾಸ್ ಇರಿಗೇಷನ್ ಕಂಪನಿ ಹುಟ್ಟಿತು. ಲಂಡನ್ನಿನ ಷೇರುದಾರರ ಹಣ. ಕರ್ನೂಲಿನ ಹತ್ತಿರ ಸುಂಕೇಸುಲದಲ್ಲಿ ತುಂಗಭದ್ರೆಗೆ ಅಣೆಕಟ್ಟೆ ಹಾಕಿ ಕಡಪದವರೆಗೆ ಕಾಲುವೆ ತೋಡಬೇಕು. ಸರ್ಕಾರ ಏನು ಕೊಟ್ಟಿತು ಅಂದ್ರೆ, ಹತ್ತು ಲಕ್ಷ ಪೌಂಡ್ ಬಂಡವಾಳದ ಮೇಲೆ ಶೇಕಡ 5ರ ಬಡ್ಡಿಯ ಖಾತರಿ. ಲಾಭ ಬರಲಿ ಬಿಡಲಿ, ಷೇರುದಾರರಿಗೆ ಬಡ್ಡಿ ಗ್ಯಾರಂಟಿ. ರೈಲ್ವೆ ಕಂಪನಿಗಳಿಗೆ ಕೊಟ್ಟದ್ದೂ ಇದೇ ಮಾದರಿ.

ಹಣ ಅರ್ಧ ದಾರಿಯಲ್ಲೇ ಮುಗಿಯಿತು. ಸರ್ಕಾರವೇ ಮತ್ತೆ ಆರು ಲಕ್ಷ ಪೌಂಡ್ ಸಾಲ ಕೊಡಬೇಕಾಯಿತು. ಕಾಲುವೆ ಬಂದ ಮೇಲೂ ಆ ಸೀಮೆಯ ಎರೆಭೂಮಿಯ ರೈತರು ನೀರು ಕೊಳ್ಳಲು ಮುಂದೆ ಬರಲಿಲ್ಲ. ಎರೆಮಣ್ಣು ತೇವ ಹಿಡಿದಿಟ್ಟುಕೊಳ್ಳುತ್ತೆ. ಜೋಳ, ಹತ್ತಿಗೆ ಮಳೆ ನೀರೇ ಸಾಕಾಗುತ್ತಿತ್ತು. ಕಂಪನಿಯ ಲೆಕ್ಕದಲ್ಲಿದ್ದ ಗಿರಾಕಿ ಹೊಲದಲ್ಲಿ ಇರಲೇ ಇಲ್ಲ. ಕೊನೆಗೆ 1882ರಲ್ಲಿ ಸರ್ಕಾರವೇ ಇಡೀ ಕಾಲುವೆಯನ್ನು ಕೊಂಡುಕೊಂಡಿತು.

ಈಗಿನ ಭಾಷೆಯಲ್ಲಿ ಹೇಳೋದಾದ್ರೆ, ಬೇಡಿಕೆಯ ಅಂದಾಜು ತಪ್ಪಿತು, ಅಪಾಯವೆಲ್ಲ ಸರ್ಕಾರದ ಬಳಿಯೇ ಉಳಿಯಿತು. ಖಾಸಗಿ ಹಣ ಬಂದರೆ ಖಾಸಗಿಯವರು ಹುಷಾರಾಗಿ ಖರ್ಚು ಮಾಡ್ತಾರೆ ಅನ್ನೋ ವಾದ ಇದೆಯಲ್ಲ, ಖಾತರಿ ಬಡ್ಡಿ ಬಂದ ತಕ್ಷಣ ಆ ವಾದದ ಬೇರೇ ಕಡಿದುಹೋಗುತ್ತೆ. ನಷ್ಟವೇ ಇಲ್ಲದವನಿಗೆ ಹುಷಾರು ಯಾಕೆ ಬೇಕು?

ಇಲಾಖೆಯೇ ಮಾಡಿಸಿದ ಕೆಲಸ

ಹಾಗಾಗಿ ಪೆರಿಯಾರ್ ಇಲಾಖಾ ಕಾಮಗಾರಿಯಾಯಿತು. ಹಣ ಸರ್ಕಾರದ್ದು, ಹೊಣೆ ಲೋಕೋಪಯೋಗಿ ಇಲಾಖೆಯದು, ಮೇಲ್ವಿಚಾರಣೆ ಇಂಜಿನಿಯರ್ ಜಾನ್ ಪೆನ್ನಿಕ್ವಿಕ್ ಅವರದು. 1887ರಲ್ಲಿ ಕೆಲಸ ಶುರು. ಮದ್ರಾಸ್ ಪಯೊನೀರ್ಸ್ ಪಡೆಯ ಸಿಪಾಯಿಗಳು, ಕೊಚ್ಚಿಯಿಂದ ಬಂದ ಬಡಗಿಗಳು, ಬೆಟ್ಟದ ಕೆಳಗಿನ ಕೂಲಿಗಳು. ಸುಣ್ಣ ಮತ್ತು ಸುರ್ಕಿಯ ಗಾರೆ. ನದಿಯನ್ನು ಪಕ್ಕಕ್ಕೆ ತಿರುಗಿಸಲು ಕಟ್ಟಿದ ತಾತ್ಕಾಲಿಕ ಒಡ್ಡುಗಳು ಪ್ರವಾಹದಲ್ಲಿ ಮತ್ತೆ ಮತ್ತೆ ಕೊಚ್ಚಿಹೋದವು. ಮಲೇರಿಯಾಕ್ಕೆ ಸತ್ತವರನ್ನು ಹೂಳಿದ ಸ್ಮಶಾನ ಅಣೆಕಟ್ಟಿನ ಹತ್ತಿರವೇ ಇದೆ. 1895ರ ಅಕ್ಟೋಬರ್‌ನಲ್ಲಿ ಗವರ್ನರ್ ಲಾರ್ಡ್ ವೆನ್‌ಲಾಕ್ ನೀರು ಬಿಟ್ಟರು.

ಇದನ್ನು ಗುತ್ತಿಗೆಗೆ ಕೊಟ್ಟಿದ್ದರೆ ಏನಾಗ್ತಿತ್ತು ಅಂತ ಯೋಚಿಸಿ. ಒಂದು ಒಡ್ಡು ಕೊಚ್ಚಿಹೋದರೆ ಗುತ್ತಿಗೆದಾರ ಎರಡರಲ್ಲಿ ಒಂದು ಮಾಡ್ತಾನೆ. ಹೆಚ್ಚುವರಿ ದರ ಕೇಳ್ತಾನೆ, ಇಲ್ಲ ಬಿಟ್ಟು ಹೋಗ್ತಾನೆ. ನೆಲದಡಿ ಏನಿದೆ, ಮಳೆ ಎಷ್ಟು ಬರುತ್ತೆ, ಎಷ್ಟು ಜನ ಜ್ವರಕ್ಕೆ ಬೀಳ್ತಾರೆ ಅನ್ನೋದು ಯಾರಿಗೂ ಗೊತ್ತಿಲ್ಲದ ಜಾಗದಲ್ಲಿ, ಆ ಅಪಾಯಕ್ಕೆ ಬೆಲೆ ಕಟ್ಟೋದೇ ಕಷ್ಟ. ಬೆಲೆ ಕಟ್ಟಲಾಗದ ಅಪಾಯವನ್ನು ಟೆಂಡರ್‌ನಲ್ಲಿ ಮಾರೋಕೆ ಹೋದರೆ, ಯಾರೂ ಬರೋದಿಲ್ಲ, ಇಲ್ಲ ಬಂದವರು ಸರ್ಕಾರವನ್ನೇ ಒತ್ತೆ ಇಟ್ಕೊಳ್ತಾರೆ. ಇಲಾಖಾ ಕಾಮಗಾರಿ ಸರಿಯಾದ ಆಯ್ಕೆ ಆಗಿದ್ದು ಇಂಥ ಕಡೆ. ಆದರೆ ಅಪಾಯ ಸರ್ಕಾರ ಹೊತ್ತಿತು ಅಂತ ನಾವು ಸುಲಭವಾಗಿ ಬರೀತೀವಿ. ಜ್ವರದ ಅಪಾಯ ಹೊತ್ತದ್ದು ಖಜಾನೆಯಲ್ಲ, ಕೂಲಿ.

999 ವರ್ಷದ ಕರಾರು

ಕಟ್ಟಡದ ಭಾಗ ಹೀಗಾಯಿತು. ಈಗ ಕರಾರಿನ ಭಾಗ. ಅಣೆಕಟ್ಟಿನ ಜಾಗ ಮದ್ರಾಸಿನದ್ದಲ್ಲ, ತಿರುವಾಂಕೂರು ಸಂಸ್ಥಾನದ್ದು. 1886ರ ಅಕ್ಟೋಬರ್ 29ರಂದು ಗೇಣಿ ಕರಾರಿಗೆ ಸಹಿ ಬಿತ್ತು. 8,000 ಎಕರೆ, ಎಕರೆಗೆ ವರ್ಷಕ್ಕೆ 5 ರೂಪಾಯಿ, ಅಂದ್ರೆ ವರ್ಷಕ್ಕೆ 40,000 ರೂಪಾಯಿ. ಅವಧಿ 999 ವರ್ಷ. ಮುಗಿದ ಮೇಲೆ ಮತ್ತೆ ಅಷ್ಟೇ ವರ್ಷಕ್ಕೆ ನವೀಕರಿಸಿಕೊಳ್ಳಲು ಅವಕಾಶ. ಗೇಣಿ ದರವನ್ನು ಕಾಲಕಾಲಕ್ಕೆ ಪರಿಷ್ಕರಿಸುವ ಷರತ್ತು ಇಲ್ಲ.

ಸಹಿ ಹಾಕಿದವರ ಕಣ್ಣಿಗೆ ಬಿದ್ದದ್ದು ಒಂದೇ ಬಳಕೆ, ನೀರಾವರಿ. ಹದಿನಾರೇ ವರ್ಷದ ನಂತರ ಮೈಸೂರು ಸಂಸ್ಥಾನ ನೀರಿನ ಇನ್ನೊಂದು ಬೆಲೆಯನ್ನು ತೋರಿಸಿತು. 1902ರ ಜೂನ್‌ನಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ, 92 ಮೈಲಿ ತಂತಿಯ ಮೇಲೆ, ವಿದ್ಯುತ್ ಹರಿಯಿತು. ಅಲ್ಲಿನ ವ್ಯವಸ್ಥೆ ಗಮನಿಸಿ: ಸ್ಥಾವರ ಸಂಸ್ಥಾನದ್ದು, ವಿದ್ಯುತ್ ಯಂತ್ರ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನದು, ವಿದ್ಯುತ್ ಕೊಳ್ಳುವವರು ಬ್ರಿಟಿಷ್ ಗಣಿ ಕಂಪನಿಗಳು. ಕಡಪದ ಕಾಲುವೆಗೆ ಕಾಣದೇ ಹೋದ ಗಿರಾಕಿ ಇಲ್ಲಿ ಮೊದಲೇ ಕರಾರಿಗೆ ಒಪ್ಪಿದ್ದ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತ ಖಾಸಗಿಯವರನ್ನು ಒಳಗೆ ಬಿಟ್ಟುಕೊಂಡಿತು, ಆದರೆ ನೀರಿನ ಮತ್ತು ಸ್ಥಾವರದ ಒಡೆತನ ಬಿಡಲಿಲ್ಲ.

ಪೆರಿಯಾರ್‌ಗೆ ಬರೋಣ. ಮದ್ರಾಸ್ ಸರ್ಕಾರಕ್ಕೂ ಆ ನೀರಿನಿಂದ ವಿದ್ಯುತ್ ತೆಗೆಯೋ ಆಸೆ ಹುಟ್ಟಿತು. ತಿರುವಾಂಕೂರು ತಡೆಯಿತು: ನಾವು ಕೊಟ್ಟದ್ದು ನೀರಾವರಿಗೆ ಮಾತ್ರ. ಕರಾರಿನಲ್ಲಿ ಪಂಚಾಯ್ತಿ ಮಾಡುವ ಷರತ್ತು ಇತ್ತು. ಮಧ್ಯಸ್ಥಗಾರರಲ್ಲಿ ಒಮ್ಮತ ಬರದೆ ವಿಷಯ ಅಂಪೈರ್ ನಳಿನಿ ರಂಜನ್ ಚಟರ್ಜಿ ಅವರ ಮುಂದೆ ಹೋಯಿತು. 1941ರಲ್ಲಿ ಅವರು ತಿರುವಾಂಕೂರಿನ ಪರ ತೀರ್ಪು ಕೊಟ್ಟರು. ಸ್ವಾತಂತ್ರ್ಯದ ನಂತರ ಲೋಯರ್ ಕ್ಯಾಂಪ್‌ನಲ್ಲಿ ವಿದ್ಯುದಾಗಾರ ಬಂತು. ಅದಕ್ಕೆ ತಕ್ಕ ಪೂರಕ ಕರಾರು ಕೇರಳ, ತಮಿಳುನಾಡುಗಳ ನಡುವೆ ಆದದ್ದು 1970ರ ಮೇ ತಿಂಗಳಲ್ಲಿ. ಗೇಣಿ ಎಕರೆಗೆ 30 ರೂಪಾಯಿ ಆಯಿತು, ವಿದ್ಯುತ್ತಿಗೆ ಪ್ರತ್ಯೇಕ ಶುಲ್ಕ ಬಂತು. 5 ರೂಪಾಯಿ 30 ಆಗಲು ಎಂಬತ್ತನಾಲ್ಕು ವರ್ಷ ಹಿಡಿಯಿತು.

ಎರಡನೆಯ ಮೌನ ಸುರಕ್ಷತೆಯದು. ಕಟ್ಟೆ ಹಳೆಯದಾದಾಗ, ಕೆಳಗಿನ ಕಣಿವೆಯಲ್ಲಿ ಜನ ತುಂಬಿಕೊಂಡಾಗ, ನೀರಿನ ಮಟ್ಟ ಎಷ್ಟಿರಬೇಕು ಅನ್ನೋದನ್ನ ಇಬ್ಬರೂ ಕೂತು ತೀರ್ಮಾನಿಸುವ ಸಂಸ್ಥೆ 1886ರ ಕರಾರಿನಲ್ಲಿ ಇರಲಿಲ್ಲ. 1979ರಲ್ಲಿ ಗುಜರಾತಿನ ಮೋರ್ಬಿಯಲ್ಲಿ ಅಣೆಕಟ್ಟು ಒಡೆದ ಮೇಲೆ ಭಯ ಹೆಚ್ಚಿ, ಮಟ್ಟವನ್ನು 136 ಅಡಿಗೆ ಇಳಿಸಿದರು. ಅಲ್ಲಿಂದ ದಶಕಗಳ ಕಾಲ ನ್ಯಾಯಾಲಯ. 2014ರ ಮೇ 7ರಂದು ಸುಪ್ರೀಂ ಕೋರ್ಟ್ 142 ಅಡಿಗೆ ಅನುಮತಿ ಕೊಟ್ಟು, ಮೇಲ್ವಿಚಾರಣಾ ಸಮಿತಿ ರಚಿಸಲು ಹೇಳಿತು. ಕರಾರಿನಲ್ಲಿ ಇರಬೇಕಾಗಿದ್ದ ಸಂಸ್ಥೆಯನ್ನು ನೂರ ಇಪ್ಪತ್ತೆಂಟು ವರ್ಷದ ನಂತರ ನ್ಯಾಯಾಲಯ ಹುಟ್ಟುಹಾಕಬೇಕಾಯಿತು.

ಗುಡ್ಡದ ಎರಡು ಬದಿ, ಎರಡು ಕಥೆ

ಇಲ್ಲಿ ಒಂದು ಸ್ವಾರಸ್ಯ ಇದೆ. ತೇನಿ ಕಡೆ ಯಾರನ್ನಾದರೂ ಕೇಳಿ, ಪೆನ್ನಿಕ್ವಿಕ್ ದೊರೆ ತನ್ನ ಆಸ್ತಿ ಮಾರಿ, ಹೆಂಡತಿಯ ಒಡವೆ ಮಾರಿ ಅಣೆಕಟ್ಟು ಮುಗಿಸಿದರು ಅಂತ ಹೇಳ್ತಾರೆ. ಮನೆಗಳಲ್ಲಿ ಅವರ ಪಟ ಇದೆ. ಅವರು ಹುಟ್ಟಿದ್ದು ಜನವರಿ 15, ಸಂಕ್ರಾಂತಿಯ ಆಸುಪಾಸು; ಆವತ್ತು ಅವರ ಹೆಸರಲ್ಲಿ ಪೊಂಗಲ್ ಇಡ್ತಾರೆ. ತೇನಿಯ ಬಸ್ ನಿಲ್ದಾಣಕ್ಕೆ ಅವರದೇ ಹೆಸರು. 2013ರಲ್ಲಿ ಲೋಯರ್ ಕ್ಯಾಂಪ್‌ನಲ್ಲಿ ಸ್ಮಾರಕ ಮಂಟಪವೂ ಆಯಿತು. ಆದರೆ ಎ. ಟಿ. ಮೆಕೆಂಜಿ 1899ರಲ್ಲಿ ಪ್ರಕಟಿಸಿದ ಯೋಜನೆಯ ಇತಿಹಾಸ ಇದನ್ನು ಸರ್ಕಾರಿ ಹಣದ ಇಲಾಖಾ ಕಾಮಗಾರಿಯಾಗಿಯೇ ವಿವರಿಸುತ್ತದೆ.

ಗುಡ್ಡದ ಆಚೆ ಕೇರಳದಲ್ಲಿ ಇನ್ನೊಂದು ಕಥೆ. ಮಹಾರಾಜ ವಿಶಾಖಂ ತಿರುನಾಳ್ ತನ್ನ ಎದೆಯ ರಕ್ತದಲ್ಲೇ ಸಹಿ ಹಾಕುತ್ತಿದ್ದೇನೆ ಅಂತ ನೊಂದುಕೊಂಡರಂತೆ. ತಾರೀಖು ನೋಡಿ: ವಿಶಾಖಂ ತಿರುನಾಳ್ ತೀರಿಕೊಂಡದ್ದು 1885ರ ಆಗಸ್ಟ್‌ನಲ್ಲಿ. ಕರಾರು 1886ರ ಅಕ್ಟೋಬರ್‌ನದು. ಆಗ ಪಟ್ಟದಲ್ಲಿದ್ದವರು ಶ್ರೀಮೂಲಂ ತಿರುನಾಳ್, ಸಂಸ್ಥಾನದ ಪರ ಸಹಿ ಹಾಕಿದವರು ದಿವಾನ್ ರಾಮಯ್ಯಂಗಾರ್.

ದಾಖಲೆಗೆ ಹೊಂದೋದಿಲ್ಲ ಅಂತ ಎರಡನ್ನೂ ತಳ್ಳಿಹಾಕೋದು ಸುಲಭ. ನಾನು ಹಾಗೆ ಮಾಡೋದಿಲ್ಲ. ಎರಡೂ ಕಥೆ ಕೇಳ್ತಿರೋದು ಒಂದೇ ಪ್ರಶ್ನೆ: ಇದರ ಬೆಲೆ ತೆತ್ತವರು ಯಾರು? ಫಲ ಪಡೆದ ಕಣಿವೆ, ಒಬ್ಬ ಅಧಿಕಾರಿ ತನ್ನದನ್ನು ಕೊಟ್ಟ ಅಂತ ನೆನೆಯುತ್ತೆ. ಜಾಗ ಕೊಟ್ಟ ನಾಡು, ನಮ್ಮ ಒಡೆಯ ಬಲವಂತಕ್ಕೆ ಕೊಟ್ಟ ಅಂತ ನೆನೆಯುತ್ತೆ. ಕರಾರಿನಲ್ಲಿ ಇಲ್ಲದ ನ್ಯಾಯದ ಲೆಕ್ಕವನ್ನು ಜನ ಕಥೆಯಲ್ಲಿ ಬರೆದಿಟ್ಟುಕೊಂಡಿದ್ದಾರೆ. ಎರಡೂ ಕಥೆಯಲ್ಲಿ ಜ್ವರಕ್ಕೆ ಸತ್ತ ಕೂಲಿಗೆ ಜಾಗ ಇಲ್ಲ ಅನ್ನೋದನ್ನೂ ಗಮನಿಸಬೇಕು.

ಪರಿಷ್ಕರಣೆಯ ಷರತ್ತು ಇದ್ದರೆ ಸಾಕಾ?

ಹಾಗಾದ್ರೆ ಪರಿಷ್ಕರಣೆಯ ಷರತ್ತು ಹಾಕಿಬಿಟ್ಟರೆ ಮುಗೀತು ಅನ್ನಿಸಬಹುದು. ಕಾವೇರಿ ಅದಕ್ಕೆ ಉತ್ತರ. ಕನ್ನಂಬಾಡಿ ಕಟ್ಟೆಗಾಗಿ ಮೈಸೂರು ಮತ್ತು ಮದ್ರಾಸ್ 1924ರ ಫೆಬ್ರವರಿಯಲ್ಲಿ ಮಾಡಿಕೊಂಡ ಒಪ್ಪಂದದಲ್ಲಿ, ಐವತ್ತು ವರ್ಷದ ನಂತರ ಕೆಲವು ಅಂಶಗಳನ್ನು ಮರುಪರಿಶೀಲಿಸಬಹುದು ಅನ್ನೋ ಮಾತಿತ್ತು. 1974 ಬಂತು. ಒಪ್ಪಂದವೇ ಮುಗಿಯಿತು ಅಂತ ಒಬ್ಬರು, ಕೆಲವು ಅಂಶ ಮಾತ್ರ ಅಂತ ಇನ್ನೊಬ್ಬರು. ನ್ಯಾಯಮಂಡಳಿ ಬಂದದ್ದು 1990ರಲ್ಲಿ. ಮರುಪರಿಶೀಲನೆ ಯಾವಾಗ ಅಂತ ಬರೆದಿದ್ದರು. ಯಾರು, ಹೇಗೆ, ಒಮ್ಮತ ಬಾರದಿದ್ದರೆ ಏನು ಅನ್ನೋದಕ್ಕೆ ಜೀವಂತ ಸಂಸ್ಥೆ ಇರಲಿಲ್ಲ.

ಈಗಿನ ಕಾಲಕ್ಕೆ ಬಂದರೆ, ಬೆಂಗಳೂರಿನ ದೇವನಹಳ್ಳಿ ವಿಮಾನ ನಿಲ್ದಾಣ. 2004ರ ರಿಯಾಯಿತಿ ಕರಾರು, 2008ರ ಮೇನಲ್ಲಿ ಆರಂಭ. ಶುರುವಿನಲ್ಲಿ ಖಾಸಗಿಯವರದು ಶೇಕಡ 74, ಸರ್ಕಾರಿ ಸಂಸ್ಥೆಗಳದು 26. 150 ಕಿಲೋಮೀಟರ್ ಒಳಗೆ, ಮೈಸೂರು, ಹಾಸನ ಬಿಟ್ಟು, ಇಪ್ಪತ್ತೈದು ವರ್ಷ ಇನ್ನೊಂದು ದೊಡ್ಡ ವಿಮಾನ ನಿಲ್ದಾಣ ಬೇಡ ಅನ್ನೋ ಷರತ್ತು ಅದರಲ್ಲಿದೆ. ಬಂಡವಾಳ ಹಾಕುವವರಿಗೆ ಅದು ಬೇಕಿತ್ತು, ನ್ಯಾಯವೇ. ಆದರೆ ಎಚ್ಎಎಲ್ ನಿಲ್ದಾಣ ಪ್ರಯಾಣಿಕರಿಗೆ ಮುಚ್ಚಿದಾಗ ಜನ ದಂಗಾದದ್ದು ಯಾಕೆ? ಹೊಳೆಯ ಮಟ್ಟವನ್ನೋ, ನಗರದ ಬೆಳವಣಿಗೆಯನ್ನೋ ಒಂದು ಕಾಗದ ಮುಂದಿನ ತಲೆಮಾರಿಗೆ ಕಟ್ಟಿಹಾಕುತ್ತೆ ಅನ್ನೋದು ಸಹಿಯ ದಿನ ಯಾರಿಗೂ ಕಾಣೋದಿಲ್ಲ.

ನಮ್ಮ ಸಂಗ್ರಹಣೆಯ ಕಾನೂನುಗಳು ಒಳ್ಳೆಯವೇ. ತಮಿಳುನಾಡು 1998ರಲ್ಲಿ ಟೆಂಡರ್ ಪಾರದರ್ಶಕತೆ ಕಾಯ್ದೆ ತಂದಿತು, ಕರ್ನಾಟಕ 1999ರಲ್ಲಿ. ನಮ್ಮಲ್ಲಿ 4ಜಿ ವಿನಾಯಿತಿಯ ಬಗ್ಗೆ ಎಷ್ಟು ಗಲಾಟೆ ಆಗುತ್ತೆ ಅಂತ ಪತ್ರಿಕೆ ಓದುವವರಿಗೆಲ್ಲ ಗೊತ್ತು. ಆದರೆ ಈ ಕಾನೂನುಗಳ ಗಮನ ಹೆಚ್ಚಾಗಿ ಟೆಂಡರ್ ತೆರೆಯುವ ದಿನದ ಮೇಲೆ: ಯಾರಿಗೆ ಕೊಟ್ಟಿರಿ, ಯಾವ ದರಕ್ಕೆ ಕೊಟ್ಟಿರಿ. ಸಹಿ ಆದ ಮೂವತ್ತನೇ ವರ್ಷದಲ್ಲಿ ಏನಾಗುತ್ತೆ ಅನ್ನೋದು ಕರಾರಿನ ಹಿಂದಿನ ಪುಟಗಳಲ್ಲಿ ಉಳಿಯುತ್ತೆ. ಪೆರಿಯಾರ್ ಕಲಿಸೋದು ಆ ಹಿಂದಿನ ಪುಟಗಳನ್ನು ಮೊದಲು ಓದಬೇಕು ಅಂತ.

ಪ್ರಶ್ನೋತ್ತರ

ಒಬ್ಬ ಪ್ರಾಧ್ಯಾಪಕರು: ಪೆರಿಯಾರ್‌ನಲ್ಲಿ ಖಾಸಗಿ ಪಾಲುದಾರರೇ ಇಲ್ಲ. ಇದನ್ನು ಪಿಪಿಪಿ ಚರಿತ್ರೆಯೊಳಗೆ ತರೋದು ಬಲವಂತ ಆಗೋದಿಲ್ವಾ?

ಉತ್ತರ: ಸರಿಯಾದ ಆಕ್ಷೇಪಣೆ, ಸರ್. ಇದು ಪಿಪಿಪಿ ಅಲ್ಲ. ಎರಡು ಸರ್ಕಾರಗಳ ಕರಾರು, ಇಲಾಖೆಯ ಕೆಲಸ. ನಾನು ತಂದದ್ದು ಅದಕ್ಕೇ. ಖಾಸಗಿಯವರು ಇಲ್ಲದಿದ್ದರೂ ಇಷ್ಟು ಜಗಳ ಆಗಿದೆ ಅಂದ ಮೇಲೆ, ಕಷ್ಟ ಇರೋದು ಖಾಸಗಿ ಅನ್ನೋ ಒಂದೇ ಪದದಲ್ಲಿ ಅಲ್ಲ. ದೀರ್ಘಾವಧಿಯ ಕರಾರಿನ ಸ್ವಭಾವದಲ್ಲೂ ಇದೆ. ಕಡಪದ ಕಾಲುವೆಯಲ್ಲಿ ಖಾಸಗಿಯವರು ಇದ್ದರು, ಅಲ್ಲಿ ಕೆಟ್ಟದ್ದು ಖಾತರಿ ಬಡ್ಡಿಯಿಂದ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಯಾವ ರೋಗ ಯಾವುದರದ್ದು ಅಂತ ಬೇರೆ ಮಾಡಬಹುದು.

ಒಬ್ಬ ವಿದ್ಯಾರ್ಥಿನಿ: ಮೇಡಂ, ಕ್ಷೇತ್ರಕಾರ್ಯಕ್ಕೆ ಆ ಕಡೆ ಹೋದಾಗ, ಪೆನ್ನಿಕ್ವಿಕ್ ಆಸ್ತಿ ಮಾರಿದ ಕಥೆ ನಿಜ ಅಲ್ಲ ಅಂತ ಊರವರಿಗೆ ಹೇಳಬೇಕಾ?

ಉತ್ತರ: ಹೇಳೋಕೆ ಮುಂಚೆ ಪೂರ್ತಿ ಕೇಳಿಸ್ಕೊಳ್ಳಮ್ಮಾ. ಯಾರು ಹೇಳ್ತಾರೆ, ಗದ್ದೆ ಇರೋರಾ, ಕೂಲಿ ಮಾಡೋರಾ, ತಗ್ಗಿನವರಾ, ತಪ್ಪಲಿನವರಾ, ಒಂದೊಂದು ಕಡೆ ಕಥೆ ಹೇಗೆ ಬದಲಾಗುತ್ತೆ ಅಂತ ಬರ್ಕೋ. ಮನೆಯಲ್ಲಿ ಕನ್ನಡ ಮಾತಾಡೋ ಹಿರಿಯರು ಅದನ್ನ ಕನ್ನಡದಲ್ಲಿ ಹೇಗೆ ಹೇಳ್ತಾರೆ ಅನ್ನೋದು ನಮಗೆ ಬಹಳ ಮುಖ್ಯ. ಅವರು ಕೇಳಿದರೆ ಮೆಕೆಂಜಿ ಏನು ಬರೆದಿದ್ದಾರೆ ಅಂತ ಹೇಳು. ಪ್ರಬಂಧದಲ್ಲಿ ಮಾತ್ರ ಎರಡನ್ನೂ ಬೇರೆ ಬೇರೆಯಾಗಿ ಬರೆಯಬೇಕು.

ಒಬ್ಬ ವಿದ್ಯಾರ್ಥಿ: ನಮ್ಮ ತಾಲ್ಲೂಕಿನಲ್ಲಿ ಈ ಥರ ಅಧ್ಯಯನ ಎಲ್ಲಿಂದ ಶುರು ಮಾಡೋದು?

ಉತ್ತರ: ಒಂದು ಸಣ್ಣ ಕೆಲಸ ಆರಿಸ್ಕೊಳ್ಳಿ. ಬಸ್ ನಿಲ್ದಾಣ, ಕುಡಿಯುವ ನೀರಿನ ಘಟಕ, ಟೋಲ್ ರಸ್ತೆ, ಯಾವುದಾದರೂ ಸರಿ. ಮಾಹಿತಿ ಹಕ್ಕಿನಲ್ಲಿ ಕರಾರಿನ ಪ್ರತಿ ಕೇಳಿ. ಬಂದ ಮೇಲೆ ಐದು ವಿಷಯ ಹುಡುಕಿ: ಅವಧಿ ಎಷ್ಟು, ದರ ಬದಲಾಗುತ್ತಾ, ಆದಾಯ ಕಡಿಮೆಯಾದರೆ ತುಂಬಿಕೊಡೋರು ಯಾರು, ಹೊಸ ಬಳಕೆ ಬಂದರೆ ಅದರ ಹಣ ಯಾರಿಗೆ, ಜಗಳ ಆದರೆ ಎಲ್ಲಿಗೆ ಹೋಗಬೇಕು. ಐದರಲ್ಲಿ ಯಾವುದಕ್ಕೆ ಉತ್ತರ ಇಲ್ಲವೋ ಅದನ್ನು ಗುರುತು ಮಾಡಿಕೊಂಡು ಬನ್ನಿ. ಮುಂದಿನ ಸಭೆಯಲ್ಲಿ ಅದರಿಂದಲೇ ಚರ್ಚೆ ಶುರು ಮಾಡೋಣ.